ಕ್ಯಾಲ್ಕುಲೇಟರ್ ಮುಚ್ಚಿಡಿ, ಬುಟ್ಟಿ ತೆಗೆಯಿರಿ

ಪ್ರಶ್ನೆ: ಸರ್, ನಾನು ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ದಿನಬಳಕೆಯಿಂದ ಪರಿಸರದ ಮೇಲೆ ಎಷ್ಟು ಹೊರೆ ಬೀಳುತ್ತದೆ ಅಂತ ಮಕ್ಕಳಿಂದಲೇ ಲೆಕ್ಕ ಹಾಕಿಸಲು ಹೋದೆ. ಆನ್‌ಲೈನ್ ಕ್ಯಾಲ್ಕುಲೇಟರಿನಲ್ಲಿ ವಿವರ ತುಂಬಿದರು. ‘ಎಲ್ಲರೂ ನಿಮ್ಮ ಹಾಗೆ ಬದುಕಿದರೆ ಇಷ್ಟು ಭೂಮಿ ಬೇಕು’ ಅಂತ ಉತ್ತರ ಬಂತು. ನಕ್ಕು ಮರೆತುಬಿಟ್ಟರು. ಏನು ಮಾಡಲಿ?
– ಒಬ್ಬ ಶಿಕ್ಷಕಿ

ಉತ್ತರ: ನಗದೆ ಇನ್ನೇನು ಮಾಡುತ್ತಾರೆ ಮೇಡಂ? ಆ ಲೆಕ್ಕದ ಹಿಂದೆ ಒಳ್ಳೆಯ ಕೆಲಸ ಇದೆ, ಇಲ್ಲ ಅನ್ನುವುದಿಲ್ಲ. 1990ರ ದಶಕದ ಶುರುವಿನಲ್ಲಿ ಕೆನಡಾದಲ್ಲಿ ವಿಲಿಯಂ ರೀಸ್ ಮತ್ತು ಮಥಿಸ್ ವಾಕರ್ನಾಗೆಲ್ ಅದನ್ನು ಕಟ್ಟಿದರು. ದೇಶ ದೇಶಗಳನ್ನು ಹೋಲಿಸಲು ಚೆನ್ನಾಗಿದೆ. ಆದರೆ ಒಳಗೆ ಏನು ನಡೆಯಿತು ಅಂತ ಮಕ್ಕಳಿಗೆ ಕಾಣುವುದಿಲ್ಲ. ಅಂಕಿ ಹಾಕಿದರು, ಅಂಕಿ ಬಂತು, ಮುಗೀತು.

ನಾನಾದರೆ ಹಾಳೆಯಿಂದ ಶುರು ಮಾಡುತ್ತೇನೆ. ಎ4 ಹಾಳೆಯ ಕಟ್ಟಿನ ಮೇಲೆ ಸಾಮಾನ್ಯವಾಗಿ 80 ಜಿಎಸ್‌ಎಂ ಅಂತ ಇರುತ್ತದೆ. ಚದರ ಮೀಟರಿಗೆ 80 ಗ್ರಾಂ ಅಂತ ಅರ್ಥ. ಹದಿನಾರು ಎ4 ಹಾಳೆ ಅಂಚಿಗೆ ಅಂಚು ಕೂಡಿಸಿ ನೆಲದ ಮೇಲೆ ಹಾಸಿದರೆ ಒಂದು ಚದರ ಮೀಟರ್ ಆಗುತ್ತದೆ. ಹಾಗಾದರೆ ಒಂದು ಹಾಳೆ 5 ಗ್ರಾಂ. ತಕ್ಕಡಿಯೇ ಬೇಕಾಗಲಿಲ್ಲ ನೋಡಿ! ಈಗ ಒಂದು ವಾರ ಕಸದ ಬುಟ್ಟಿಗೆ ಬಿದ್ದ ಹಾಳೆಗಳನ್ನು ಎಣಿಸಲಿ. ಒಂದು ಬದಿ ಖಾಲಿ ಇದ್ದವನ್ನು ಬೇರೆ ಇಡಲಿ. ಆ ಎರಡನೇ ಗುಡ್ಡೆ ನೋಡಿದಾಗ ತರಗತಿಯಲ್ಲಿ ಜಗಳವೇ ಶುರುವಾಗುತ್ತದೆ. ಆಗಲಿ ಬಿಡಿ.

ಆಮೇಲೆ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ ಮುಕ್ಕಾಲು ಕೆಜಿ ತೂಗುತ್ತದೆ. ಅದು ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕೆಜಿ. ಇವೆರಡನ್ನೂ ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತುಬಿಡಿ. ‘ಸುಟ್ಟ ಮೇಲೆ ತೂಕ ಜಾಸ್ತಿ ಆಗೋದು ಹೇಗೆ?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಲ್ಲಿಗೆ ನಿಮ್ಮ ಪಾಠ ಗೆದ್ದಿತು. ಪೆಟ್ರೋಲಿನ ತೂಕದಲ್ಲಿ ನೂರಕ್ಕೆ 85ರ ಆಸುಪಾಸು ಇಂಗಾಲವೇ. ಪ್ರತಿ 12 ಗ್ರಾಂ ಇಂಗಾಲ ಗಾಳಿಯಿಂದ 32 ಗ್ರಾಂ ಆಮ್ಲಜನಕ ಸೇರಿಸಿಕೊಂಡು 44 ಗ್ರಾಂ ಆಗುತ್ತದೆ. ಗುಣಾಕಾರ ಅವರೇ ಮಾಡಲಿ, ನೀವು ಹೇಳಿಬಿಡಬೇಡಿ. ಕಣ್ಣಿಗೆ ಕಾಣದ ಹೊಗೆಗೂ ತೂಕ ಇದೆ ಅಂತ ಒಮ್ಮೆ ಕೈಯಾರೆ ಲೆಕ್ಕ ಹಾಕಿದವರು ಅದನ್ನು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಪ್ರಶ್ನೆ: ಪ್ಲಾಸ್ಟಿಕ್ ಚೀಲಕ್ಕಿಂತ ಬಟ್ಟೆ ಚೀಲ ಒಳ್ಳೆಯದು ಅಂತ ಪ್ರಾಜೆಕ್ಟ್ ಬರೆದಿದ್ದೇನೆ. ಸರಿ ತಾನೇ ಸರ್?
– ಒಬ್ಬ ವಿದ್ಯಾರ್ಥಿ

ಉತ್ತರ: ಎಷ್ಟು ಸಲ ಬಳಸುತ್ತೀಯ, ಅದನ್ನು ಮೊದಲು ಹೇಳಪ್ಪ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಇದರ ಲೆಕ್ಕ ಪ್ರಕಟಿಸಿತು. ಹವಾಮಾನದ ಮೇಲಿನ ಪರಿಣಾಮ ಒಂದನ್ನೇ ನೋಡಿದರೆ, ಮಾಮೂಲಿ ಹತ್ತಿಯ ಚೀಲವನ್ನು ಕನಿಷ್ಠ 52 ಸಲ ಬಳಸಿದಾಗ ಅದು ಅಲ್ಲಿನ ಅಂಗಡಿಗಳ ಪ್ಲಾಸ್ಟಿಕ್ ಚೀಲಕ್ಕೆ ಸಮ. ಓಝೋನ್ ಪದರ, ನೀರು ಹೀಗೆ ಎಲ್ಲ ಬಗೆಯ ಪರಿಣಾಮವನ್ನೂ ಸೇರಿಸಿದರೆ 7,100 ಸಲ! ಹತ್ತಿ ಬೆಳೆಯಲು ನೀರು, ಗೊಬ್ಬರ ಎಲ್ಲ ಬೇಕಲ್ವಾ?

ಗಾಬರಿಯಾಗಿ ಪ್ರಾಜೆಕ್ಟ್ ಹರಿದು ಹಾಕಬೇಡ. ಚರಂಡಿಗೆ, ಸಮುದ್ರಕ್ಕೆ ಸೇರುವ ಚೀಲಗಳ ಕಾಟವನ್ನು ಆ ಅಧ್ಯಯನ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಏನನ್ನು ಎಣಿಸಿದೆ, ಏನನ್ನು ಬಿಟ್ಟೆ ಅಂತ ಮೊದಲ ಪುಟದಲ್ಲೇ ಬರೆದುಬಿಡು. ಮನೆಯಲ್ಲಿ ಈಗಾಗಲೇ ಇರುವ ಚೀಲ ಯಾವುದಾದರೂ ಸರಿ, ಹರಿಯುವ ತನಕ ಬಳಸು. ಪ್ರಾಜೆಕ್ಟಿಗೆ ಅಂತ ಹೊಸ ಬಟ್ಟೆ ಚೀಲ ಮಾತ್ರ ಕೊಳ್ಳಬೇಡ ಮಾರಾಯ.

ಪ್ರಶ್ನೆ: ಶಾಲೆಯಲ್ಲಿ ಪ್ರತಿ ಮಗುವಿನ ಮನೆಯ ಲೆಕ್ಕವನ್ನು ಹೆಸರು ಸಮೇತ ಗೋಡೆಗೆ ಅಂಟಿಸಿದ್ದಾರೆ. ಮಗಳು ಈಗ ಕಾರು ಹತ್ತಲು ನಾಚುತ್ತಾಳೆ.
– ಒಬ್ಬ ತಾಯಿ

ಉತ್ತರ: ಆ ಪಟ್ಟಿಯನ್ನು ಇಳಿಸಲು ಹೇಳಿ ತಾಯಿ, ನಾಳೆಯೇ. ಕಾರು ಕೊಂಡವರು ದೊಡ್ಡವರು, ತಲೆ ತಗ್ಗಿಸಬೇಕಾದವಳು ಅವಳಾ? ಲೆಕ್ಕಕ್ಕೆ ಶಾಲೆಯ ಕಟ್ಟಡವೇ ಸಾಕು. ರಜೆಗೆ ಬೀಗ ಹಾಕುವಾಗ ವಿದ್ಯುತ್ ಮೀಟರ್ ಓದಲಿ, ಬೀಗ ತೆಗೆದ ಬೆಳಗ್ಗೆ ಮತ್ತೆ ಓದಲಿ. ಯಾರೂ ಇಲ್ಲದಾಗಲೂ ಒಂದಷ್ಟು ಯೂನಿಟ್ ಓಡಿರಬಹುದು. 10 ವಾಟಿನ ಒಂದು ಉಪಕರಣ 100 ಗಂಟೆ ಸುಮ್ನೆ ಆನ್ ಇದ್ದರೆ ಒಂದು ಯೂನಿಟ್. ಅದು ಯಾವ ಕೋಣೆಯದು ಅಂತ ಮಕ್ಕಳೇ ಪತ್ತೆ ಹಚ್ಚಲಿ.