ಅಮೆರಿಕದ ಫೆಡರಲ್ ಟ್ರಯಲ್ ಜಡ್ಜ್ (ಕೇಂದ್ರದ ಕೋರ್ಟಲ್ಲಿ ಕೇಸು ಮೊದಲು ವಿಚಾರಣೆ ಮಾಡೋ ಜಡ್ಜ್) ಜನಕ್ಕೆ ಇಷ್ಟ ಆಗದ ತೀರ್ಪು ಕೊಟ್ರೆ ಕೆಲ್ಸ ಹೋಗುತ್ತಾ?

ಹೋಗಲ್ಲ. ಪ್ರೆಸಿಡೆಂಟ್ ಹೆಸರು ಸೂಚಿಸಿ ಸೆನೆಟ್ ಒಪ್ಪಿದ್ಮೇಲೆ ಅದು ಆಜೀವ ನೇಮಕ, ಸಂಬಳ ಕೂಡ ಇಳಿಸೋ ಹಾಗಿಲ್ಲ, ತೆಗೀಬೇಕು ಅಂದ್ರೆ ಮಹಾಭಿಯೋಗವೇ, ಅಂದ್ರೆ ಸಂಸತ್ತೇ ಆರೋಪ ಹೊರಿಸಿ ವಿಚಾರಣೆ ಮಾಡೋದೇ, ಆಗ್ಬೇಕು. ಇದು ಎಷ್ಟು ಮುಖ್ಯ ಅಂತ ಗೊತ್ತಾಗೋಕೆ ಅಲಬಾಮಾ ರಾಜ್ಯದಲ್ಲಿ ಇಂಥ ಜಡ್ಜ್ ಆಗಿದ್ದ ಫ್ರಾಂಕ್ ಜಾನ್ಸನ್ ಜೀವನ ನೋಡ್ಬೇಕು.

1918ರಲ್ಲಿ ಹುಟ್ಟಿದವ್ರು, ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಬಂದು ವಕೀಲಿಕೆ ಮಾಡಿ, 1955ರಲ್ಲಿ ಪ್ರೆಸಿಡೆಂಟ್ ಐಸೆನ್‌ಹೋವರ್ ಜಡ್ಜ್ ಮಾಡಿದಾಗ ಬರೀ 37 ವರ್ಷ. ಮರುವರ್ಷವೇ ಮಾಂಟ್ಗೊಮರಿ ನಗರದ ಬಸ್ ಕೇಸು, ಅದೇ ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಅರೆಸ್ಟ್ ಆದ್ಮೇಲೆ ಕಪ್ಪು ಜನ ಬಸ್ ಹತ್ತೋದೇ ಬಿಟ್ಟಿದ್ರಲ್ಲ ಆ ಟೈಮಲ್ಲಿ, ಮೂವರ ಪೀಠದಲ್ಲಿ ಇವ್ರೂ ಇನ್ನೊಬ್ರೂ ಸೇರಿ ಬಣ್ಣ ನೋಡಿ ಸೀಟು ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂದ್ರು, ಸುಪ್ರೀಂ ಕೋರ್ಟೂ ಎತ್ತಿ ಹಿಡೀತು. 1965ರಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಹೊರಟ ಸೆಲ್ಮಾ ಪಾದಯಾತ್ರೆಗೆ ಅನುಮತಿ ಕೊಟ್ಟಿದ್ದೂ ಇವ್ರೇ, ಅದನ್ನ ತಡೀತಿದ್ದ ಗವರ್ನರ್ ಜಾರ್ಜ್ ವ್ಯಾಲೇಸ್ ಲಾ ಓದುವಾಗ ಇವರ ಸಹಪಾಠಿ! ಈ ತೀರ್ಪುಗಳಿಗೆ ಸಿಟ್ಟಾದವ್ರು ಹೆದರಿಸೋಕೆ ಅಂತ ಜಾನ್ಸನ್ ಮನೆ ಮುಂದೆ ಶಿಲುಬೆ ಸುಟ್ರು, 1967ರಲ್ಲಿ ಇವರ ತಾಯಿ ಮನೆಗೆ ಬಾಂಬ್ ಇಟ್ರು, ಪುಣ್ಯಕ್ಕೆ ಅವ್ರಿಗೆ ಏನೂ ಆಗ್ಲಿಲ್ಲ. ಚುನಾವಣೆಲಿ ಗೆದ್ದು ಬರೋ ಜಡ್ಜ್ ಆಗಿದ್ರೆ ಇಷ್ಟು ವರ್ಷ ಆ ಕುರ್ಚಿಲಿ ಉಳೀತಿರ್ಲಿಲ್ಲ ಅಂತ ನನ್ನ ಅನಿಸಿಕೆ.

1979ರಲ್ಲಿ ಅಪೀಲು ಕೋರ್ಟಿಗೆ ಹೋದ್ರು, 1999ರಲ್ಲಿ ತೀರ್ಕೊಂಡ್ರು. ನಂಗೆ ಮಾತ್ರ ತುಂಬಾ ಹಿಡಿಸೋದು 1970ರ ದಶಕದ ಮಾನಸಿಕ ಆಸ್ಪತ್ರೆ ಕೇಸು, ಒಬ್ಬರನ್ನ ಬಲವಂತವಾಗಿ ಒಳಗೆ ಇಟ್ಮೇಲೆ ಚಿಕಿತ್ಸೆ ಕೊಡ್ಲೇಬೇಕು ಅಂತ ಹೇಳಿ ಇಷ್ಟು ರೋಗಿಗೆ ಇಷ್ಟು ಡಾಕ್ಟ್ರು, ನರ್ಸು ಇರ್ಬೇಕು ಅಂತ ಲೆಕ್ಕ ಸಮೇತ ಬರೆದುಕೊಟ್ರು.