ತೋಟ ಅಡವಿಟ್ಟು ಲಂಡನ್ನಿಗೆ?

(ಹೆಸರು, ಊರು ಬದಲಿಸಿದ್ದೇನೆ.)

ಎರಡನೇ ಪಿಯು ಓದುವ ಸುಮಾ ತಂದೆಯ ಜೊತೆ ನನ್ನ ಬಳಿ ಸಲಹೆ ಕೇಳಲು ಬಂದಿದ್ದಳು. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು ಸೇರಿ ಪಶುವೈದ್ಯಳಾಗುವಾಸೆ. ಅದಕ್ಕಾಗಿ ತೆಂಗಿನ ತೋಟ ಅಡವಿಡಲು ತಂದೆ ತಯಾರು. ಆದರೆ ಈಚೆಗೆ ಮಗಳಿಗೆ ಊಟ ಸೇರುವುದಿಲ್ಲ, ನಿದ್ದೆ ಇಲ್ಲ. ಅವರ ಚಿಂತೆ ಅದು.

ತಂದೆಯನ್ನು ಹೊರಗೆ ಕೂರಿಸಿ ಮಾತಾಡಿಸಿದೆ. "ತೋಟ ಹೋದ್ರೆ ನನ್ನಿಂದ ಹೋಯ್ತು ಅಂತಾರೆ ಮೇಡಂ. ಇಲ್ಲೇ ಓದ್ತೀನಿ ಅಂದ್ರೆ ಹೆದರ್ಕೊಂಡ್ಳು ಅಂತಾರೆ." ಓದಿನ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಲೆಕ್ಕ ಹಾಕಿರಲಿಲ್ಲ, ಅಷ್ಟೇ.

ಮೂವರೂ ಕೂತು ಹಾಕಿದೆವು. ಬ್ರಿಟನ್ನಿನಲ್ಲಿ ಐದು ವರ್ಷ. ಹೊರದೇಶದವರಿಗೆ ವರ್ಷದ ಶುಲ್ಕ 30 ಸಾವಿರ ಪೌಂಡ್ ಮೀರುತ್ತದೆ. ಅಂದರೆ ಊಟ, ಬಾಡಿಗೆ ಬಿಟ್ಟೇ ಒಂದೂವರೆ ಕೋಟಿಗೂ ಮೇಲೆ. ಇಲ್ಲಿ ಹೆಬ್ಬಾಳದಲ್ಲೋ ಹಾಸನದಲ್ಲೋ ಬಿ.ವಿ.ಎಸ್ಸಿ. (ಪಶುವೈದ್ಯ ಪದವಿ) ಓದಿದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಬ್ರಿಟನ್ ಅಥವಾ ಆಸ್ಟ್ರೇಲಿಯಾದ ಅರ್ಹತಾ ಪರೀಕ್ಷೆ ಬರೆದು ಅಲ್ಲಿ ವೈದ್ಯಳಾಗುವ ದಾರಿಯೂ ಇದೆ. ಪರೀಕ್ಷೆ ಸುಲಭದ್ದಲ್ಲ, ಆದರೆ ತೋಟ ಕೇಳುವುದಿಲ್ಲ.

"ಹಾಗಾದ್ರೆ ಲಂಡನ್ ಬಿಡ್ಲಾ?" ಬೇಡ ಎಂದೆ. ಎರಡೂ ಕಡೆ ಪ್ರಯತ್ನಿಸಲಿ. ಬ್ರಿಟನ್ನಿನ ಕಾಲೇಜುಗಳಿಗೆ ಅರ್ಜಿ ಸ್ವೀಕರಿಸುವ ಯುಕಾಸ್ ಎಂಬ ಸಂಸ್ಥೆಯ ಮೂಲಕ ಅಕ್ಟೋಬರ್ 15ರೊಳಗೆ ಅರ್ಜಿ ಹೋಗಬೇಕು. ಪಶುವೈದ್ಯಕೀಯಕ್ಕೆ ನಾಲ್ಕೇ ಕಾಲೇಜು ಆಯ್ದುಕೊಳ್ಳಬಹುದು. ಏಜೆಂಟೊಬ್ಬ 'ಸೀಟು ಹಿಡಿಯಲು' ಮುಂಗಡ ಕೇಳಿದ್ದನಂತೆ. ಈ ಅರ್ಜಿಯನ್ನು ಅವಳೇ ತುಂಬಬಹುದು, ಒಂದು ಪೈಸೆಯನ್ನೂ ಅವನಿಗೆ ಕೊಡಬೇಡಿ ಎಂದೆ.

ಅರ್ಜಿಯ ಜೊತೆ ಕಳಿಸಲು ಅವಳು ಬರೆದಿದ್ದ ಸ್ವವಿವರಣೆ 'ಚಿಕ್ಕಂದಿನಿಂದ ಪ್ರಾಣಿಗಳೆಂದರೆ ಪ್ರೀತಿ' ಎಂದು ಶುರುವಾಗುತ್ತಿತ್ತು. ಅದನ್ನು ಹೊಡೆದುಹಾಕಿಸಿದೆ. ಆ ಕಾಲೇಜುಗಳು ಪ್ರಾಣಿಗಳ ಜೊತೆ ಕೆಲಸ ಮಾಡಿದ ಅನುಭವ ನೋಡುತ್ತವೆ. ಕೊಟ್ಟಿಗೆ ಕೆಲಸವೂ ಅನುಭವವೇ ಎಂದು ಇವಳಿಗೆ ಹೊಳೆದೇ ಇರಲಿಲ್ಲ! ಕೆಚ್ಚಲು ಬಾವು ರೋಗಕ್ಕೆ ಔಷಧಿ ಕೊಟ್ಟ ಹಸುವಿನ ಹಾಲನ್ನು ಡೇರಿಗೆ ಹಾಕದೆ ಚೆಲ್ಲಿದ್ದು, ಕಾಲುಬಾಯಿ ಜ್ವರದ ಲಸಿಕೆ ದಿನ ದನ ಹಿಡಿದು ನಿಂತದ್ದು, ಕರು ಅಡ್ಡ ಸಿಕ್ಕಿಕೊಂಡಾಗ ಡಾಕ್ಟರಿಗೆ ಕೈಜೋಡಿಸಿದ್ದು. ಇವನ್ನೆಲ್ಲ ಬರೆ, ಊರಿನ ಪಶು ಆಸ್ಪತ್ರೆಯ ಡಾಕ್ಟರಿಂದ ಪತ್ರ ತಗೋ ಎಂದೆ. ಅಲ್ಲಿ ಓದಿ ಇಲ್ಲಿಗೆ ಮರಳುವ ಯೋಚನೆಯಿದ್ದರೆ, ಆ ಪದವಿಗೆ ಮಾನ್ಯತೆಯಿದೆಯೇ ಎಂದು ಸೇರುವ ಮೊದಲೇ ಭಾರತೀಯ ಪಶುವೈದ್ಯ ಪರಿಷತ್ತಿಗೆ ಬರೆದು ಕೇಳಬೇಕೆಂದೂ ಹೇಳಿದೆ.

ತಂದೆಗೆ ಹೇಳಿದ್ದು ಬೇರೆ: ಸೀಟಿನ ಪತ್ರವೂ ವಿದ್ಯಾರ್ಥಿವೇತನದ ಪತ್ರವೂ ಕೈಗೆ ಬರುವವರೆಗೆ ತೋಟದ ಕಾಗದ ಮುಟ್ಟಬೇಡಿ, ಇದನ್ನು ಮಗಳ ಮುಂದೆಯೇ ಹೇಳಿ. ಮುಂದಿನ ಭೇಟಿಯಲ್ಲಿ ಹೇಳಿದರು, ತುಸು ಸಿಡುಕಿನಿಂದಲೇ. ಸುಮಾ ಈಗ ಇಲ್ಲಿನ ಪ್ರವೇಶ ಪರೀಕ್ಷೆಗೂ ಓದುತ್ತಿದ್ದಾಳೆ. ಲಂಡನ್ನಿನ ಅರ್ಜಿಯೂ ಹೋಗಿದೆ.