ಎರಡು ಪುಟದ ಪತ್ರ, ಒಂದು ಮಾತಿನ ಹುಡುಗ

ಓದುಗರ ಪತ್ರ (ಚಿಕ್ಕದಾಗಿಸಿದ್ದೇವೆ): ನನಗೆ 36 ವರ್ಷ. ಕೆಲಸ ಇದೆ, ಗೆಳತಿಯರಿದ್ದಾರೆ, ಒಬ್ಬಳೇ ಇದ್ದೇನೆ. ಭಾನುವಾರ ಸಂಜೆ ಫೋನ್ ಬರುವವರೆಗೂ ಆರಾಮಾಗಿಯೇ ಇರುತ್ತೇನೆ. ಫೋನಿನಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ‘ಇನ್ನೂ ಯಾರೂ ಸಿಗಲಿಲ್ವಾ?’ ಗೆಳತಿಯರೂ ಒಬ್ಬೊಬ್ಬರಾಗಿ ಜೋಡಿಯಾದರು. ಅವರೆಲ್ಲ ಸೇರುವಾಗ ನನ್ನನ್ನು ಕರೆಯುವುದು ಕಮ್ಮಿಯಾಗಿದೆ. ಈಚೆಗೆ ಪರಿಚಯವಾದ ಒಬ್ಬರು ಒಟ್ಟಿಗೆ ಬಾಳೋಣ ಅನ್ನುತ್ತಿದ್ದಾರೆ. ಕೆಟ್ಟವರಲ್ಲ. ಒಪ್ಪಿಕೊಂಡುಬಿಡಲಾ? ಅಥವಾ ನನ್ನಲ್ಲೇ ಏನಾದರೂ ಕೊರತೆ ಇದೆಯಾ? ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ‘ಬೇಡ’ ಅಂತ ಬರೆದುಬಿಡೋಣ ಅನ್ನಿಸಿತು. ಎರಡನೇ ಸಲ, ಹಾಗೆ ಹೇಳೋಕೆ ನಾನ್ಯಾರು ಅನ್ನಿಸಿತು. ಮೂರನೇ ಸಲ ಪೆನ್ಸಿಲ್ ಹಿಡಿದು ಕೂತೆ. ಈ ಕೆಲಸದಲ್ಲಿ ಅಂಟಿಕೊಂಡ ಚಟ. ಎರಡು ಪುಟದ ಪತ್ರದಲ್ಲಿ ಬಂಧುಗಳು, ಗೆಳತಿಯರು, ಆಫೀಸಿನವರು ಏನೇನಂದರು ಅನ್ನುವುದಕ್ಕೇ ಒಂದೂಮುಕ್ಕಾಲು ಪುಟ ಹೋಗಿದೆ. ನಿಮ್ಮ ಜೊತೆ ಬಾಳಲು ಬಯಸುವವರಿಗೆ ಸಿಕ್ಕಿದ್ದು ಒಂದೇ ಮಾತು: ‘ಕೆಟ್ಟವರಲ್ಲ.’ ಅವರು ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ರೇಗುತ್ತಾರೆ, ಅವರ ಜೊತೆ ಒಂದು ಗಂಟೆ ಮಾತಾಡಿ ಬಂದಮೇಲೆ ನಿಮಗೆ ಹೇಗಿರುತ್ತದೆ? ಒಂದೂ ಇಲ್ಲ.

ಹಾಗಾಗಿ ನೀವು ಒಪ್ಪಿಕೊಳ್ಳಲು ಹೊರಟಿರುವುದು ಅವರನ್ನಲ್ಲ, ಭಾನುವಾರದ ಫೋನ್ ನಿಲ್ಲುವುದನ್ನು ಅಂತ ನನಗನ್ನಿಸಿತು. ತಪ್ಪಾಗಿದ್ದರೆ ಬೈದು ಬರೆಯಿರಿ.

ಆ ಪ್ರಶ್ನೆಯ ಕುತಂತ್ರವನ್ನೇ ನೋಡಿ. ‘ನಿನಗೆ ಯಾರಾದರೂ ಬೇಕಾ?’ ಅಂತ ಯಾರೂ ಕೇಳುವುದಿಲ್ಲ. ‘ಇನ್ನೂ ಸಿಗಲಿಲ್ವಾ?’ ಅಂತ ಕೇಳುತ್ತಾರೆ. ಬೇಕು ಅನ್ನುವುದನ್ನು ನಿಮ್ಮ ಪರವಾಗಿ ಅವರೇ ತೀರ್ಮಾನ ಮಾಡಿ ಆಗಿದೆ. ನಿಮಗೆ ಉಳಿದಿರುವುದು ತಡವಾಗಿದ್ದಕ್ಕೆ ಕಾರಣ ಕೊಡುವುದು ಮಾತ್ರ. ಇದಕ್ಕೂ ಒಬ್ಬರು ಹೆಸರಿಟ್ಟಿದ್ದಾರೆ. ಎಲ್ಲರೂ ಜೋಡಿಯನ್ನೇ ಬಯಸುತ್ತಾರೆ, ಜೋಡಿಯಾದರೇ ಎಲ್ಲರಿಗೂ ಒಳ್ಳೆಯದು ಅನ್ನುವ ಈ ಎಣಿಕೆಯನ್ನು ತತ್ವಶಾಸ್ತ್ರಜ್ಞೆ ಎಲಿಜಬೆತ್ ಬ್ರೇಕ್ 2012ರಲ್ಲಿ ‘ಅಮಾಟೊನಾರ್ಮಟಿವಿಟಿ’ ಎಂದು ಕರೆದರು. ನಾಲಿಗೆ ತಿರುಗದ ಪದ. ಆದರೆ ಹೆಸರಿಲ್ಲದ ಕಾಟಕ್ಕಿಂತ ಹೆಸರಿರುವ ಕಾಟ ವಾಸಿ.

ಕಾಟ ಹೊಸದೇನಲ್ಲ. ಹಿಂದೆ ಇದು ಸರ್ಕಾರದ್ದೇ ಕೆಲಸವಾಗಿತ್ತು. ಇಂಗ್ಲೆಂಡ್ 1695ರ ಕಾನೂನಿನಲ್ಲಿ 25 ದಾಟಿದ ಬ್ರಹ್ಮಚಾರಿಗಳಿಗೆ ತೆರಿಗೆ ಹಾಕಿತು. 1927ರಲ್ಲಿ ಮುಸೊಲಿನಿಯ ಇಟಲಿಯೂ ಹಾಕಿತು. 1941ರಲ್ಲಿ ಸೋವಿಯತ್ ಒಕ್ಕೂಟ ಮಕ್ಕಳಿಲ್ಲದವರ ಮೇಲೆ ತೆರಿಗೆ ತಂದಿತು. ಇಂಗ್ಲೆಂಡಿಗೆ ಯುದ್ಧದ ಖರ್ಚಿಗೆ ದುಡ್ಡು ಬೇಕಿತ್ತು. ಉಳಿದ ಇಬ್ಬರಿಗೂ ಜನಸಂಖ್ಯೆ ಏರಬೇಕಿತ್ತು. ಪಾಪ, ಒಂಟಿಯಾಗಿದ್ದಾರಲ್ಲ, ಇವರು ಸುಖವಾಗಿರಲಿ ಅಂತ ಯಾರೂ ತೆರಿಗೆ ಹಾಕಲಿಲ್ಲ. ಈಗ ಆ ತೆರಿಗೆಗಳು ಹೋಗಿವೆ. ವಸೂಲಿಯನ್ನು ನಾವು ನಾವೇ ವಹಿಸಿಕೊಂಡಿದ್ದೇವೆ.

ನಾನೂ ವಸೂಲಿ ಮಾಡಿದವನೇ. ಹಿಂದೆ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರನ್ನು ಕಂಡಾಗಲೆಲ್ಲ ‘ಏನಾದ್ರೂ ಸಿಹಿ ಸುದ್ದಿ?’ ಅಂತ ಕೇಳುತ್ತಿದ್ದೆ. ನಾಲ್ಕು ವರ್ಷ ಕೇಳಿದೆ. ಪ್ರೀತಿಯಿಂದಲೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಕೆಲಸ ಬಿಟ್ಟು ಹೋಗುವ ದಿನ ಅವರು ನಗುತ್ತಲೇ ಹೇಳಿದರು: ‘ಸಾರ್, ನೀವು ಊಟ ಮುಗಿಸಿ ಎದ್ದಮೇಲೆ ನಾನು ಊಟಕ್ಕೆ ಬರ್ತಿದ್ದೆ, ಗೊತ್ತಾ?’ ಗೊತ್ತಿರಲಿಲ್ಲ. ಅವತ್ತಿನಿಂದ ಯಾರನ್ನೂ ಕೇಳಿಲ್ಲ. ನಿಮ್ಮವರಿಗೂ ಬಹುಶಃ ಗೊತ್ತಿಲ್ಲ. ‘ಹೇಳೋಕೆ ಏನಾದ್ರೂ ಇದ್ದಾಗ ನಾನೇ ಹೇಳ್ತೀನಿ, ಅಲ್ಲೀವರೆಗೂ ಕೇಳಬೇಡಿ’ ಅಂತ ಒಂದು ಸಲ ಮೆಲ್ಲಗೆ, ಗಟ್ಟಿಯಾಗಿ ಹೇಳಿ ನೋಡಿ. ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಬಿಡಿ.

ಇನ್ನು ನಿಮ್ಮ ಪ್ರಶ್ನೆ. ಜೋಡಿಯಾದವರು ಜಾಸ್ತಿ ಸುಖಿಗಳು ಅನ್ನುವ ಮಾತಿಗೆ ಅಂಕಿಅಂಶ ತೋರಿಸುವವರಿದ್ದಾರೆ. ಜರ್ಮನಿಯಲ್ಲಿ 24,000ಕ್ಕೂ ಹೆಚ್ಚು ಜನರನ್ನು 15 ವರ್ಷ ಹಿಂಬಾಲಿಸಿದ ಮಾಹಿತಿಯನ್ನು ರಿಚರ್ಡ್ ಲೂಕಸ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದರು. ಮದುವೆಯ ಆಸುಪಾಸಿನಲ್ಲಿ ನೆಮ್ಮದಿ ಸ್ವಲ್ಪ ಏರಿತು. ಆಮೇಲೆ, ಸರಾಸರಿ ಲೆಕ್ಕದಲ್ಲಿ, ಮೊದಲಿದ್ದ ಮಟ್ಟಕ್ಕೇ ಇಳಿಯಿತು. ಏರಿದ್ದು ಇಳಿಯದೆ ಉಳಿದವರೂ ಇದ್ದರು, ಮೊದಲಿಗಿಂತ ಕೆಳಗಿಳಿದವರೂ ಇದ್ದರು. ಅಂದರೆ ಜೋಡಿಯಾಗುವುದಲ್ಲ, ಯಾರ ಜೊತೆ ಅನ್ನುವುದೇ ಲೆಕ್ಕ. ಇದನ್ನು ಹೇಳೋಕೆ 24,000 ಜನ ಬೇಕಿತ್ತಾ ಅಂತ ನೀವು ಕೇಳಬಹುದು.

ಇನ್ನೊಂದು ಅಧ್ಯಯನ ನಿಮ್ಮ ಪತ್ರಕ್ಕೆ ತೀರಾ ಹತ್ತಿರ. ಸ್ಟೆಫನಿ ಸ್ಪೀಲ್ಮನ್ ಮತ್ತು ಜೊತೆಗಾರರು 2013ರಲ್ಲಿ ಒಂಟಿಯಾಗಿ ಉಳಿಯುವ ಭಯವನ್ನೇ ಅಳೆದರು. ಭಯ ಹೆಚ್ಚಿದ್ದವರು ತಮ್ಮ ಬಗ್ಗೆ ಅಷ್ಟೇನೂ ಕಾಳಜಿ ತೋರದವರಲ್ಲೂ ಆಸಕ್ತಿ ಕಳೆದುಕೊಳ್ಳಲಿಲ್ಲ. ಸಮಾಧಾನವಿಲ್ಲದ ಸಂಬಂಧವನ್ನು ಬಿಟ್ಟು ಬರುವುದೂ ಅವರಿಗೆ ಕಷ್ಟವಾಗಿತ್ತು. ಭಯಕ್ಕೆ ಕಣ್ಣು ಮಂಜು, ಅಷ್ಟೇ. ನಿಮಗೆ ‘ಕೆಟ್ಟವರಲ್ಲ’ ಅನ್ನುವುದರ ಆಚೆ ಏನೂ ಕಾಣದಿರುವುದಕ್ಕೂ ಅದೇ ಕಾರಣ ಇರಬಹುದು. ಆ ಮಂಜಿನ ಹಿಂದೆ ನಿಜಕ್ಕೂ ಒಳ್ಳೆಯ ಮನುಷ್ಯರೊಬ್ಬರು ನಿಂತಿರಲೂಬಹುದು. ಗಡಿಬಿಡಿಯಲ್ಲಿ ಒಪ್ಪಿಕೊಂಡರೆ ಅವರಿಗೂ ಮೋಸವೇ.

ಹಾಗಂತ ಒಂಟಿ ಬದುಕೇ ಸೊಗಸು ಅಂತ ಭಾಷಣ ಮಾಡುವವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಜ್ವರ ಬಂದ ರಾತ್ರಿ ಒಂದು ಲೋಟ ನೀರಿಗೂ ತಾವೇ ಎದ್ದು ಹೋಗಬೇಕಾದಾಗ ಆ ಭಾಷಣ ನೆನಪಾಗುವುದಿಲ್ಲ. ಜೊತೆ ಬೇಕು ಅನ್ನಿಸಿದರೆ ಅದರಲ್ಲಿ ನಾಚಿಕೆ ಏನೂ ಇಲ್ಲ. ‘ಮುಪ್ಪಿನಲ್ಲಿ ಯಾರು?’ ಅನ್ನುವುದೂ ಸುಮ್ನೆ ಹುಟ್ಟಿದ ಪ್ರಶ್ನೆಯಲ್ಲ. ಆದರೆ ಜೋಡಿಯಲ್ಲೂ ಯಾರೋ ಒಬ್ಬರು ಮೊದಲು ಹೋಗುತ್ತಾರೆ. ಉಳಿದವರಿಗೂ ಇದೇ ಪ್ರಶ್ನೆ. ನಿಮ್ಮ ಮನೆಯ ಇನ್ನೊಂದು ಬೀಗದ ಕೈ ಯಾರ ಹತ್ತಿರ ಇದೆ, ಆಸ್ಪತ್ರೆಯ ಅರ್ಜಿಯಲ್ಲಿ ಯಾರ ನಂಬರ್ ಬರೆಯುತ್ತೀರಿ? ಈ ಎರಡಕ್ಕೆ ಉತ್ತರ ಈಗಲೇ ಹುಡುಕಿ. ಅದಕ್ಕೆ ಸಂಗಾತಿಯೇ ಆಗಬೇಕೆಂದಿಲ್ಲ.

ಪತ್ರದಲ್ಲಿ ನನಗೆ ನಿಜವಾಗಿ ನೋವಾಗಿದ್ದು ಗೆಳತಿಯರ ವಿಷಯ. ಬಂಧುಗಳ ಮಾತು ಚುಚ್ಚುತ್ತದೆ. ಇದು ಹಾಗಲ್ಲ, ಇಲ್ಲಿ ಇದ್ದದ್ದೇ ಕಳೆದುಹೋಗುತ್ತಿದೆ. ಜೋಡಿಗಳ ನಡುವೆ ನಿಮಗೆ ಮುಜುಗರವಾಗುತ್ತದೆ ಅಂತ ಅವರೇ ಊಹಿಸಿಕೊಂಡಿರಬಹುದು. ಅವರು ಕರೆಯಲಿಲ್ಲವಲ್ಲ ಅಂತ ನೀವು ಸುಮ್ಮನಾಗಿರಬಹುದು. ಎಲ್ಲರನ್ನೂ ಕೇಳಬೇಡಿ. ಒಬ್ಬರಿಗೆ ಫೋನ್ ಮಾಡಿ ‘ಯಾಕೆ ಕರೀಲಿಲ್ಲ?’ ಅಂತ ನೇರವಾಗಿ ಕೇಳಿ. ಭಾನುವಾರ ಸಂಜೆಯೇ ಮಾಡಿ. ಬೇರೆಯವರ ಫೋನ್ ಬಂದರೆ ಲೈನ್ ಬ್ಯುಸಿ ಇರುತ್ತದೆ.

ಕೊರತೆ ಇದೆಯಾ ಅಂತ ಕೇಳಿದಿರಿ. ಪೆನ್ಸಿಲ್ ಹಿಡಿದು ಓದಿದವನಿಗೆ ಕಂಡ ಕೊರತೆ ಒಂದೇ: ಆ ಕಾಲು ಪುಟ. ‘ಕೆಟ್ಟವರಲ್ಲ’ ಅಂದಿರಲ್ಲ, ಅವರ ಬಗ್ಗೆ ಇನ್ನೊಂದು ಪತ್ರ ಬರೆಯಿರಿ. ಬಂಧುಗಳು, ಗೆಳತಿಯರು ಯಾರೂ ಅದರಲ್ಲಿ ಬರಬಾರದು, ನೀವು ಮತ್ತು ಅವರು ಮಾತ್ರ. ಎರಡು ಪುಟ ತುಂಬುತ್ತದೋ ಎರಡನೇ ಸಾಲಿಗೇ ಪೆನ್ನು ನಿಲ್ಲುತ್ತದೋ ನೋಡಿ. ನಮಗೆ ಕಳಿಸಲೇಬೇಕು ಅಂತೇನಿಲ್ಲ.